6ನೇ ತರಗತಿಗೇ ಹಾಸ್ಟೆಲ್: ಮಗನ ಸ್ವಭಾವದ ಮೇಲೆ ಪರಿಣಾಮವೇನು?

ಪ್ರಶ್ನೆ (ಪೋಷಕರು, ಸೋಮವಾರಪೇಟೆ):
ಗಾಳಿಬೀಡಿನ ಜವಾಹರ ನವೋದಯ ವಿದ್ಯಾಲಯದಲ್ಲಿ ಮಗನಿಗೆ 6ನೇ ತರಗತಿಗೆ ಸೀಟು ಸಿಕ್ಕಿದೆ. ಉಂಡ ತಟ್ಟೆಯನ್ನೂ ಎತ್ತದ, ಬೇಗ ಮುನಿಸಿಕೊಳ್ಳುವ ಹುಡುಗ ಅವನು. ಇಷ್ಟು ಚಿಕ್ಕ ವಯಸ್ಸಿಗೇ ಹಾಸ್ಟೆಲ್ ಸೇರಿದರೆ ಗಟ್ಟಿಯಾಗುತ್ತಾನೆಯೇ, ಇಲ್ಲವೇ ನಮ್ಮಿಂದ ದೂರವಾಗುತ್ತಾನೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ವಸತಿಶಾಲೆಯ ಹಳೆಯ ವಿದ್ಯಾರ್ಥಿನಿ, ವಿರಾಜಪೇಟೆ):
ಸರ್, ಎರಡೂ ಸ್ವಲ್ಪ ಸ್ವಲ್ಪ ಆಗುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಜುಲೈ ಮಳೆಗೆ ಬಟ್ಟೆ ಒಣಗುತ್ತಲೇ ಇರಲಿಲ್ಲ. ಒಣಗಿದ ಕಾಲುಚೀಲ ಯಾರದೇ ಆಗಿರಲಿ, ಅಂದು ಬೇಕಾದವರ ಕಾಲಿಗೆ ಹೋಗುತ್ತಿತ್ತು, ಹಾಗೆ ಹಂಚಿಕೊಂಡವರೇ ಇಂದಿಗೂ ನಮ್ಮ ಮನೆಯ ಹುತ್ತರಿ ಹಬ್ಬಕ್ಕೆ ಮೊದಲು ಬರುವವರು. ಆದರೆ ಅಳುವನ್ನು ಅದುಮಿಟ್ಟು, ಅಮ್ಮ ಕೇಳಿದಾಗಲೆಲ್ಲ "ಚೆನ್ನಾಗಿದ್ದೇನೆ" ಎನ್ನುವ ಅಭ್ಯಾಸವೂ ನನಗೆ ಅಲ್ಲಿಯೇ ಅಂಟಿತು.

ಉತ್ತರ (ನಿವೃತ್ತ ಶಿಕ್ಷಕ, ಕುಶಾಲನಗರ):
ನವೋದಯಗಳಲ್ಲಿ 9ನೇ ತರಗತಿಯ ಕೆಲವು ಮಕ್ಕಳು ಒಂದು ವರ್ಷ ಹಿಂದಿ ಪ್ರದೇಶದ ನವೋದಯದಲ್ಲಿ ಓದುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಮಾತೇ ತಿಳಿಯದವನ ಪಕ್ಕದ ಮಂಚದಲ್ಲಿ ವರ್ಷವಿಡೀ ಮಲಗುವ ಹುಡುಗನಿಗೆ ಹೊಂದಾಣಿಕೆಯನ್ನು ಯಾರೂ ಬೇರೆಯಾಗಿ ಕಲಿಸಬೇಕಿಲ್ಲ (ಮನೆಯ ಮುದ್ದು ಅದನ್ನು ಕಲಿಸುವುದು ಕಷ್ಟವೇ). ಭೇಟಿಯ ದಿನ ಅಂಕಗಳ ಬದಲು ಗೆಳೆಯರ ಹೆಸರು ಕೇಳಿ. ಒಂದೂ ಬಾಯಿಗೆ ಬರದಿದ್ದರೆ ಅಂದೇ ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಾದ ಹೌಸ್ ಮಾಸ್ಟರರನ್ನು ಕಂಡು ಮಾತನಾಡಿ.