ಸೋದರತ್ತೆಯ 9 ಲಕ್ಷ ಅಣ್ಣನಿಗೆ ಬರುತ್ತಿದೆ: ಅಂಗವಿಕಲ ವೇತನ ನಿಲ್ಲುತ್ತದೆಯೇ? ಯಾವ ಸಾಲ ಮೊದಲು ತೀರಿಸಬೇಕು?

ಪ್ರಶ್ನೆ: ದಾಸರಹಳ್ಳಿ ತಂಗಿ

ಎಲ್ಲರಿಗೂ ನಮಸ್ಕಾರ. ಅಣ್ಣನಿಗೆ 46 ವರ್ಷ, ಮದುವೆಯಾಗಿಲ್ಲ. ಪೋಲಿಯೊದಿಂದ ಎರಡೂ ಕಾಲಿಗೆ ಸ್ವಾಧೀನವಿಲ್ಲ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಅಂಗವೈಕಲ್ಯ ಶೇ 78 ಎಂದಿದೆ. ತಿಂಗಳಿಗೆ 1,400 ರೂಪಾಯಿ ಅಂಗವಿಕಲ ವೇತನ ಬರುತ್ತದೆ. ಜೊತೆಯಲ್ಲಿರುವ ಅಮ್ಮನಿಗೆ ಸಂಧ್ಯಾ ಸುರಕ್ಷಾ 1,200. ಇಬ್ಬರದೂ ಒಂದೇ ಬಿಪಿಎಲ್ ಕಾರ್ಡ್, ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 24,000. ಬಾಡಿಗೆ 7,000. ಅದನ್ನು ನಾವಿಬ್ಬರು ತಂಗಿಯರು ಕಟ್ಟುತ್ತೇವೆ.

ತೀರಿಕೊಂಡ ಸೋದರತ್ತೆ ರಿಜಿಸ್ಟರ್ ಮಾಡಿದ ವಿಲ್‌ನಲ್ಲಿ ತಮ್ಮ ಎಫ್‌ಡಿ ಹಣ 9 ಲಕ್ಷವನ್ನು ಅಣ್ಣನಿಗೆ ಬರೆದಿದ್ದಾರೆ. ಬ್ಯಾಂಕಿನವರು ಅಣ್ಣನ ಖಾತೆಯ ವಿವರ ಕೇಳಿದ್ದಾರೆ.

ಅಮ್ಮನ ಆಪರೇಷನ್, ಮುಚ್ಚಿದ ಪೆಟ್ಟಿಗೆ ಅಂಗಡಿ, ಎಲ್ಲ ಸೇರಿ ಆದ ಸಾಲ ಇಷ್ಟು: ಕೈಸಾಲ 80,000 (ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ; ಸಹಿ ಹಾಕಿದ ಖಾಲಿ ಚೆಕ್ ಮತ್ತು ಪ್ರೊನೋಟ್ ಅವರ ಬಳಿ ಇದೆ), ಫೈನಾನ್ಸ್ ಕಂಪನಿಯ ಪರ್ಸನಲ್ ಲೋನ್ 70,000 (ಶೇ 28), ಅಮ್ಮನ ಹೆಸರಿನ ಸಂಘದ ಮೈಕ್ರೋಫೈನಾನ್ಸ್ ಸಾಲ 45,000 (ಶೇ 24), ಬ್ಯಾಂಕಿನ ಚಿನ್ನದ ಸಾಲ 1,20,000 (ಶೇ 9.5). ಎತ್ತಿದ ಚೀಟಿಗೆ ಇನ್ನೂ 4,000ದ 10 ಕಂತು ಬಾಕಿ.

ವೇತನ ನಿಲ್ಲುತ್ತದೆಯೇ? ಹಣವನ್ನು ಅಮ್ಮನ ಹೆಸರಿನಲ್ಲಿಟ್ಟರೆ ಉಳಿಯುತ್ತದೆ ಎಂದು ಒಬ್ಬರು ಹೇಳಿದರು, ಹೌದೇ? ಸಾಲದಲ್ಲಿ ಯಾವುದು ಮೊದಲು?

ಉತ್ತರ 1: ಕಂದಾಯದ ಮೂಲೆ

ಮೇಡಂ, ಅಮ್ಮನ ಹೆಸರಿಗೆ ಹಾಕುವ ಮಾತನ್ನು ಇಲ್ಲಿಗೇ ಬಿಡಿ. ಸಂಧ್ಯಾ ಸುರಕ್ಷಾ ಯೋಜನೆಯ ಮೂಲ ನಿಯಮದಲ್ಲೇ ಫಲಾನುಭವಿಯ ಠೇವಣಿ 10,000 ರೂಪಾಯಿ ಮೀರಬಾರದು ಎಂಬ ಷರತ್ತಿದೆ. ಅಣ್ಣನ 1,400 ಉಳಿಸಲು ಹೋಗಿ ಅಮ್ಮನ 1,200 ಕಳೆದುಕೊಳ್ಳುತ್ತೀರಿ. ಅಷ್ಟೇ ಅಲ್ಲ, ನಾಳೆ ಅಮ್ಮನ ನಂತರ ಆ ಹಣಕ್ಕೆ ಮಕ್ಕಳೆಲ್ಲರೂ ವಾರಸುದಾರರು. ಅತ್ತೆ ಅಣ್ಣನಿಗೆಂದೇ ಬರೆದದ್ದು ಪಾಲಾಗಿ ಹೋಗುತ್ತದೆ.

ಇನ್ನು ಅಂಗವಿಕಲ ವೇತನ. ಅದಕ್ಕೆ ನೋಡುವುದು ಕುಟುಂಬದ ವಾರ್ಷಿಕ ಆದಾಯ, ಮಿತಿ 32,000. ವಿಲ್‌ನಿಂದ ಒಮ್ಮೆ ಕೈಗೆ ಬಂದ ಇಡುಗಂಟು ವರ್ಷವರ್ಷವೂ ಬರುವ ಆದಾಯವಲ್ಲ. ಅದರ ಮೇಲೆ ಆದಾಯ ತೆರಿಗೆಯೂ ಇಲ್ಲ. ಆದರೆ ಅದನ್ನು ಎಫ್‌ಡಿ ಇಟ್ಟ ದಿನದಿಂದ ಬರುವ ಬಡ್ಡಿ ಆದಾಯವೇ. ಪೂರ್ತಿ 9 ಲಕ್ಷವನ್ನು ಶೇ 6.5ಕ್ಕೆ ಇಟ್ಟರೆ ವರ್ಷಕ್ಕೆ 58,500. ಈಗಿರುವ 24,000 ಸೇರಿಸಿದರೆ 82,500, ಅಂದರೆ ಮಿತಿಯ ಎರಡೂವರೆ ಪಟ್ಟು. ನಿಮಗೆ ಉಳಿದಿರುವ ಜಾಗ 8,000 ರೂಪಾಯಿ ಬಡ್ಡಿ ಮಾತ್ರ. ಅದು ಸುಮಾರು 1.23 ಲಕ್ಷದ ಎಫ್‌ಡಿಯಿಂದಲೇ ತುಂಬಿಬಿಡುತ್ತದೆ.

ಮುಚ್ಚಿಡುವ ಯೋಚನೆ ಬೇಡ. ಖಾತೆಗೆ ಆಧಾರ್, ಪ್ಯಾನ್ ಎರಡೂ ಜೋಡಣೆಯಾಗಿರುತ್ತವೆ. ಒಂದು ವರ್ಷದಲ್ಲಿ 10 ಲಕ್ಷ ಮುಟ್ಟಿದ ಎಫ್‌ಡಿಗಳ ಮಾಹಿತಿಯನ್ನು ಬ್ಯಾಂಕುಗಳೇ ತೆರಿಗೆ ಇಲಾಖೆಗೆ ಕಳಿಸುತ್ತವೆ. ಅರ್ಹತೆ ಹೋದ ಮೇಲೂ ವೇತನ ಪಡೆದದ್ದು ಪರಿಶೀಲನೆಯಲ್ಲಿ ಸಿಕ್ಕರೆ ವಸೂಲಿಗೆ ಬರುತ್ತಾರೆ. ಆಗ ಹಳೆಯ ತಿಂಗಳುಗಳದ್ದನ್ನೆಲ್ಲ ಒಟ್ಟಿಗೆ ಕಟ್ಟುವುದು ಬಹಳ ಕಷ್ಟ. ಆದಾಯ ಮಿತಿ ದಾಟುವುದಾದರೆ ನಾಡಕಚೇರಿಯಲ್ಲಿ ತಹಶೀಲ್ದಾರರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಹಣ ಖರ್ಚಾಗಿ ಆದಾಯ ಇಳಿದರೆ ಹೊಸ ಆದಾಯ ಪ್ರಮಾಣಪತ್ರದೊಂದಿಗೆ ಮತ್ತೆ ಅರ್ಜಿ ಹಾಕಬಹುದು. ವೇತನದ ವಿಚಾರಣೆಗೆ 155245 ಸಹಾಯವಾಣಿ ಇದೆ.

ವೇತನಕ್ಕಿಂತ ಹೆಚ್ಚು ಕಾಪಾಡಿಕೊಳ್ಳಬೇಕಾದದ್ದು ಬಿಪಿಎಲ್ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ವೆಚ್ಚದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಮನೆಯಲ್ಲಿ ವಯಸ್ಸಾದ ತಾಯಿ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಬಿಪಿಎಲ್‌ಗೆ ಆದಾಯ ಮಿತಿ 1.2 ಲಕ್ಷ, ಹಾಗಾಗಿ ಬಡ್ಡಿಯಿಂದ ತೊಂದರೆ ಇಲ್ಲ. ತೊಂದರೆ ಬರುವುದು ಎರಡು ಕಡೆಯಿಂದ. ಒಂದು, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ. ಹಣ ಬಂತೆಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಕಾರ್ಡಿಗೆ ಕುತ್ತು. ಪಕ್ಕಚಕ್ರ ಹಾಕಿಸಿದ ಸ್ಕೂಟರಿಗೆ ಈ ಅಡ್ಡಿ ಇಲ್ಲ. ಇನ್ನೊಂದು, ತೆರಿಗೆ ಪಾವತಿದಾರರ ಪಟ್ಟಿ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ಅದನ್ನು ವಾಪಸ್ ಪಡೆಯಲು ರಿಟರ್ನ್ ಹಾಕಬೇಕು. ಆಮೇಲೆ ಕಾರ್ಡಿನ ಪರಿಷ್ಕರಣೆ ಬಂದಾಗ ನಾವು ತೆರಿಗೆದಾರರಲ್ಲ ಎಂದು ದಾಖಲೆ ಹಿಡಿದು ಓಡಾಡಬೇಕು. ಬಡ್ಡಿ 50,000ದ ಒಳಗಿದ್ದರೆ ಈ ರಗಳೆಯೇ ಇಲ್ಲ. ಮೀರುವುದಾದರೆ ತೆರಿಗೆ ಕಟ್ಟುವಷ್ಟು ಆದಾಯವಿಲ್ಲ ಎಂದು ಹೇಳುವ, ಎಲ್ಲರೂ 15ಜಿ ಎಂದು ಕರೆಯುವ ಸ್ವಘೋಷಣೆಯನ್ನು ಹಣಕಾಸು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಕೊಡಿ. ಪ್ಯಾನ್‌ಗೆ ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಟಿಡಿಎಸ್ ಶೇ 20. ಇದನ್ನು ಮೊದಲೇ ನೋಡಿಕೊಳ್ಳಿ.

ಯುಡಿಐಡಿ ಕಾರ್ಡು, ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸು, ರೈಲ್ವೆ ರಿಯಾಯಿತಿ ಇವು ಅಂಗವೈಕಲ್ಯ ನೋಡಿ ಕೊಡುವಂಥವು. ಎಷ್ಟು ಹಣ ಬಂದರೂ ಅಲುಗುವುದಿಲ್ಲ.

ಉತ್ತರ 2: ಕೌಂಟರ್ ನಂ 3

ಹಣ ಯಾವ ಖಾತೆಗೆ ಬೀಳಬೇಕು ಎನ್ನುವುದನ್ನು ಇವತ್ತೇ ತೀರ್ಮಾನಿಸಿ. ಇದರಲ್ಲಿ ಎಡವುವವರು ಬಹಳ.

ಅಣ್ಣನ ವೇತನ ಬರುವ ಖಾತೆ ಪೂರ್ಣ ಕೆವೈಸಿ (ಗುರುತು, ವಿಳಾಸದ ದೃಢೀಕರಣ) ಇಲ್ಲದ ಸಣ್ಣ ಖಾತೆಯೇ ಎಂದು ಕೇಳಿ. ಹಾಗಿದ್ದರೆ ಅದರಲ್ಲಿ ಒಮ್ಮೆಗೆ 50,000ಕ್ಕಿಂತ ಹೆಚ್ಚು ಬಾಕಿ ಇರುವಂತಿಲ್ಲ, ವರ್ಷದ ಜಮೆ 1 ಲಕ್ಷ ದಾಟುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. 9 ಲಕ್ಷ ಬಂದರೆ ಜಮೆಯಾಗದೆ ವಾಪಸ್ ಹೋಗುತ್ತದೆ, ಇಲ್ಲವೇ ಖಾತೆ ಸ್ತಬ್ಧವಾಗುತ್ತದೆ. ಆಗ ವೇತನವೂ ಸಿಕ್ಕಿಕೊಳ್ಳುತ್ತದೆ. ಆಧಾರ್, ಪ್ಯಾನ್, ಫೋಟೊ ಕೊಟ್ಟು ಮೊದಲೇ ಪೂರ್ಣ ಕೆವೈಸಿ ಮಾಡಿಸಿ.

ಹೊಸ ಖಾತೆ ತೆರೆಯುವುದಾದರೆ ಅರ್ಜಿಯಲ್ಲಿ ಒಂದು ಚೌಕ ಇರುತ್ತದೆ: ಸರ್ಕಾರದ ಸಹಾಯಧನವನ್ನು ಈ ಖಾತೆಗೆ ಪಡೆಯಲು ಆಧಾರ್ ಜೋಡಿಸಲು ಒಪ್ಪಿಗೆ. ನೋಡದೆ ಅದಕ್ಕೆ ಗುರುತು ಹಾಕಿದರೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ದಾಖಲೆ) ಹೊಸ ಬ್ಯಾಂಕಿಗೆ ಬದಲಾಗುತ್ತದೆ. ಮುಂದಿನ ತಿಂಗಳ ವೇತನ ಅಲ್ಲಿಗೆ ಹೋಗಿರುತ್ತದೆ, ಮನೆಯವರು ಹಳೆ ಪಾಸ್‌ಬುಕ್ ನೋಡಿ ಹಣ ನಿಂತಿತು ಎಂದು ಕಚೇರಿಗೆ ಅಲೆಯುತ್ತಿರುತ್ತಾರೆ. ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಎಂಬುದನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು.

ಕಂತು ಬಾಕಿ ಬಿದ್ದ ಸಾಲ ಇರುವ ಬ್ಯಾಂಕಿಗೇ ಈ ಹಣ ಹಾಕಿಸಿಕೊಳ್ಳಬೇಡಿ. ಖಾತೆಯಲ್ಲಿರುವ ಹಣವನ್ನು ಬಾಕಿ ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಯಾವ ಸಾಲ ಮೊದಲು ಎನ್ನುವುದು ನಿಮ್ಮ ಕೈ ತಪ್ಪುತ್ತದೆ. ಚಿನ್ನದ ಸಾಲದ ಬಡ್ಡಿ ಬಾಕಿ ಇಲ್ಲದಿದ್ದರೆ ಆ ಭಯವಿಲ್ಲ.

ಇನ್ನೊಂದು ಮಾತು. ಬ್ಯಾಂಕಿನಲ್ಲಿ ಅಣ್ಣನ ಹೆಸರು ನಾಮಿನಿ ಎಂದಷ್ಟೇ ಇದ್ದಿದ್ದರೆ ಅವರು ವಾರಸುದಾರರ ಪರವಾಗಿ ಹಣ ಪಡೆಯುವವರು ಮಾತ್ರ ಆಗುತ್ತಿದ್ದರು. ನಿಮ್ಮಲ್ಲಿ ವಿಲ್ ಇರುವುದರಿಂದ ಹಕ್ಕು ಸ್ಪಷ್ಟ. ವಿಲ್‌ನ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ಪಡೆದು ಇಟ್ಟುಕೊಳ್ಳಿ.

ಉತ್ತರ 3: ಸಾಲ ತೀರುವಳಿ

ಲೆಕ್ಕ ಹಾಕಿ ನೋಡೋಣ. ನೂರಕ್ಕೆ ಐದು ಎಂದರೆ ವರ್ಷಕ್ಕೆ ಶೇ 60. 80,000ಕ್ಕೆ ವರ್ಷದ ಬಡ್ಡಿ 48,000. ಅಣ್ಣನ ವರ್ಷದ ವೇತನ 16,800, ಅಮ್ಮನದು 14,400, ಎರಡೂ ಸೇರಿ 31,200. ಅಂದರೆ ಇಬ್ಬರ ವೇತನವನ್ನೂ ಸೇರಿಸಿದರೂ ಒಂದು ಕೈಸಾಲದ ಬಡ್ಡಿಗೆ ಸಾಲದು. ವೇತನ ಉಳಿಸುವ ಚಿಂತೆಯಲ್ಲಿ ಸಾಲ ತೀರಿಸುವುದನ್ನು ಒಂದು ತಿಂಗಳೂ ಮುಂದೂಡಬೇಡಿ.

ಹಾಗಾಗಿ ಮೊದಲು ಕೈಸಾಲ. ಅಡಮಾನವಿಲ್ಲದ ಸಾಲಕ್ಕೆ ಪರವಾನಗಿ ಇರುವ ಲೇವಾದೇವಿದಾರರೂ ರಾಜ್ಯದಲ್ಲಿ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ಇದುವರೆಗೆ ಕೊಟ್ಟ ಬಡ್ಡಿಯನ್ನು ತಾರೀಖಿನ ಸಮೇತ ಹಾಳೆಯಲ್ಲಿ ಬರೆದುಕೊಂಡು ಮಾತಿಗೆ ಕೂಡಿ. ಹಣ ಬಂದಿದೆ ಎಂದು ಮೊದಲೇ ಹೇಳಬೇಡಿ, ತಂಗಿಯರು ತೀರಿಸುತ್ತಿದ್ದಾರೆ ಎನ್ನುವುದು ಬೇಡ, ಅಸಲಿನ ಲೆಕ್ಕ ಮುಗಿಸೋಣ ಎನ್ನಿ, ಸಾಕು. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ತೀರಿಸುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬ್ಯಾಂಕ್ ಮೂಲಕವೇ ಕೊಡಿ, ಅದೇ ನಿಮಗೆ ಪುರಾವೆಯೂ ಹೌದು. ಹಣ ಕಳಿಸುವ ಹೊತ್ತಿಗೆ ಎದುರಿಗೆ ಕೂತಿರಿ. ಮೂಲ ಪ್ರೊನೋಟ್ ಮತ್ತು ಚೆಕ್ಕು ಮೇಜಿನ ಮೇಲಿರಬೇಕು. ಪ್ರೊನೋಟ್ ಹಿಂಬದಿಗೆ "ಪೂರ್ತಿ ಸಂದಾಯವಾಗಿದೆ" ಎಂದು ಸಹಿ, ತಾರೀಖು ಹಾಕಿಸಿ. ಚೆಕ್ಕಿನ ಸಂಖ್ಯೆ ನಿಮ್ಮ ಪುಸ್ತಕದ ಅಡಿಹಾಳೆಗೆ ತಾಳೆಯಾಗುತ್ತದೆಯೇ ನೋಡಿ. "ಚೆಕ್ ಕಳೆದುಹೋಗಿದೆ, ಆಮೇಲೆ ಹುಡುಕಿ ಕೊಡುತ್ತೇನೆ" ಎಂದರೆ ಬರೀ ಬಾಯಿಮಾತಿಗೆ ಹಣ ಕಳಿಸಬೇಡಿ. ಸಾಲ ತೀರಿದ ಬರಹ ಪಡೆದು, ಅದೇ ದಿನ ಬ್ಯಾಂಕಿನಲ್ಲಿ ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಬರೆದುಕೊಡಿ. ಬೆದರಿಕೆ ಹಾಕಿದರೆ, ನೋಂದಣಿ ಇಲ್ಲದೆ ಸಾಲ ಕೊಡುವವರ ಬಲವಂತದ ವಸೂಲಿ ವಿರುದ್ಧ 2025ರಲ್ಲಿ ರಾಜ್ಯ ತಂದ ಕಾನೂನು ಇದೆ. ಠಾಣೆಗೆ ದೂರು ಕೊಡಬಹುದು.

ಪರ್ಸನಲ್ ಲೋನ್‌ಗೆ ಫೋರ್‌ಕ್ಲೋಶರ್ ಸ್ಟೇಟ್‌ಮೆಂಟ್ (ಈಗಲೇ ಪೂರ್ತಿ ತೀರಿಸಲು ಎಷ್ಟು ಎಂಬ ಲೆಕ್ಕ) ಕೇಳಿ. ನಿಗದಿತ ಬಡ್ಡಿಯ ಸಾಲವಾದರೆ ಮುಂಚಿತ ತೀರುವಳಿಗೆ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಇರಬಹುದು. ಶುಲ್ಕವನ್ನೂ ಉಳಿದ ಕಂತುಗಳ ಬಡ್ಡಿಯನ್ನೂ ಎದುರುಬದುರು ಇಟ್ಟು ನೋಡಿ. ಉಳಿದಿರುವುದು ಮೂರೋ ನಾಲ್ಕೋ ಕಂತಾದರೆ ಶುಲ್ಕ ಕಟ್ಟುವುದು ನಷ್ಟ. ವಸೂಲಿಯವರು ಫೋನಿನಲ್ಲಿ "ಇಷ್ಟು ಕೊಡಿ, ಸೆಟಲ್ ಮಾಡೋಣ" ಎಂದರೆ ಒಪ್ಪಬೇಡಿ. ಸಿಬಿಲ್‌ನಲ್ಲಿ "ಸೆಟಲ್ಡ್" ಎಂದು ಬಿದ್ದರೆ ಮುಂದೆ ಸ್ವಂತ ಉದ್ಯೋಗಕ್ಕೆ ಸಾಲ ಕೇಳಿದಾಗ ಬ್ಯಾಂಕು ಹಿಂಜರಿಯುತ್ತದೆ. ಪೂರ್ತಿ ಕಟ್ಟಿ "ಕ್ಲೋಸ್ಡ್" ಮಾಡಿಸಿ, ಎನ್‌ಒಸಿ (ಬಾಕಿ ಇಲ್ಲವೆಂಬ ಪತ್ರ) ಪಡೆಯಿರಿ, ಕಂತು ತಾನಾಗಿ ಕಟಾವಾಗಲು ಬ್ಯಾಂಕಿಗೆ ಕೊಟ್ಟ ಅನುಮತಿಯನ್ನು ರದ್ದು ಮಾಡಿಸಿ. ಸಾಲ ಮುಗಿದ ಮೇಲೂ ಒಂದು ಕಂತು ಕಟಾವಾಗುವುದು ಸಾಮಾನ್ಯ.

ಸಂಘದ ಸಾಲಕ್ಕೆ ಮುಂಚಿತ ತೀರುವಳಿ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಲ್ಲೇ ಇದೆ. ವಾರದ ಸಭೆಯಲ್ಲಿ ಕೊಟ್ಟು ಸುಮ್ಮನಾಗಬೇಡಿ. ಶಾಖೆಗೆ ಹೋಗಿ ರಸೀದಿ, ಎನ್‌ಒಸಿ ಪಡೆಯಿರಿ.

ಚಿನ್ನದ ಸಾಲಕ್ಕೆ ಶೇ 9.5 ಕಟ್ಟಿ ಎಫ್‌ಡಿಯಲ್ಲಿ ಶೇ 6.5 ಪಡೆಯುವುದರಲ್ಲಿ ಅರ್ಥವಿಲ್ಲ. ಅದನ್ನೂ ಬಿಡಿಸಿ. ಬಡ್ಡಿ ಆದಾಯವೂ ಅಷ್ಟು ಕಡಿಮೆಯಾಗುತ್ತದೆ.

ಚೀಟಿಯನ್ನು ಮಾತ್ರ ಮುಂಚಿತವಾಗಿ ತೀರಿಸಬೇಡಿ. ಎತ್ತಿದಾಗಲೇ ಅದರ ಬಡ್ಡಿ ಕಸರಿನಲ್ಲಿ (ಎತ್ತುವಾಗ ಬಿಟ್ಟುಕೊಟ್ಟ ಮೊತ್ತ) ಹೋಗಿಯಾಗಿದೆ, ಉಳಿದ ಕಂತನ್ನು ಮೊದಲೇ ಕಟ್ಟಿದರೆ ಉಳಿತಾಯವಿಲ್ಲ. 40,000 ಬೇರೆ ಎತ್ತಿಟ್ಟು ತಿಂಗಳು ತಿಂಗಳು ಕಟ್ಟಿ.

ದಾಸರಹಳ್ಳಿ ತಂಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ಸಾಲಕ್ಕೆ 3,15,000 ಹೋದರೆ 5,85,000 ಉಳಿಯುತ್ತದೆ. ಅದರಲ್ಲಿ ನಾಲ್ಕೂವರೆ ಲಕ್ಷಕ್ಕೆ ನೆಲಮಹಡಿಯಲ್ಲಿ ಲೀಸಿಗೆ ಮನೆ ಹಿಡಿದರೆ ಹೇಗೆ?

ಉತ್ತರ 1: ಕಂದಾಯದ ಮೂಲೆ

ಲೆಕ್ಕದಲ್ಲಿ ಒಳ್ಳೆಯ ದಾರಿ. 4,50,000 ಎಫ್‌ಡಿ ಇಟ್ಟರೆ ವರ್ಷಕ್ಕೆ 29,250 ಬಡ್ಡಿ. ಲೀಸಿಗೆ ಕೊಟ್ಟರೆ ಬಾಡಿಗೆಯಲ್ಲಿ 84,000 ಉಳಿತಾಯ, ಬಡ್ಡಿ ಆದಾಯ ಇಲ್ಲ. ಮಿಕ್ಕ 1,35,000ದಲ್ಲಿ ಚೀಟಿಯ 40,000 ತೆಗೆದರೆ 95,000. ಅದನ್ನು ಅಣ್ಣನ ಹೆಸರಿನಲ್ಲಿ ಎಫ್‌ಡಿ ಇಟ್ಟರೆ 6,175 ಬಡ್ಡಿ. 24,000ಕ್ಕೆ ಸೇರಿಸಿದರೆ 30,175, ಮಿತಿಯ ಒಳಗೇ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ ಕೇಳಿದರೆ ವಿಲ್, ಎನ್‌ಒಸಿಗಳು, ಲೀಸ್ ಪತ್ರ ಎಲ್ಲವನ್ನೂ ತೋರಿಸಬಹುದು. 24,000 ಎಂಬ ಅಂಕಿ ಇವತ್ತಿಗೂ ನಿಜವೇ ಎಂದು ಮಾತ್ರ ನೀವೇ ಒಮ್ಮೆ ನೋಡಿಕೊಳ್ಳಿ.

ಉತ್ತರ 3: ಸಾಲ ತೀರುವಳಿ

ನನಗೆ ಲೀಸಿನ ಬಗ್ಗೆ ಅಷ್ಟು ಧೈರ್ಯವಿಲ್ಲ, ಮಾಡುವುದಾದರೆ ಬಿಗಿಯಾಗಿ ಮಾಡಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರ ತೆಗೆಸಿ. ಮನೆಯ ಮೇಲೆ ಬ್ಯಾಂಕ್ ಸಾಲ ಕಂಡರೆ ಕೈಬಿಡಿ. ಮಾಲೀಕರು ಕಂತು ತಪ್ಪಿಸಿದರೆ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಳ್ಳುತ್ತದೆ, ನಿಮ್ಮ ನಾಲ್ಕೂವರೆ ಲಕ್ಷ ಗಾಳಿಯಲ್ಲಿ. ಖಾತಾ ಯಾರ ಹೆಸರಿನಲ್ಲಿದೆಯೋ ಅವರೇ ಸಹಿ ಹಾಕಬೇಕು, ಹಣ ಅವರ ಖಾತೆಗೇ ಹೋಗಬೇಕು. ನಿಮ್ಮಿಂದ ಲೀಸ್ ಹಣ ಪಡೆದು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುವ ಮಧ್ಯವರ್ತಿಗಳ ಹತ್ತಿರ ಹೋಗಲೇಬೇಡಿ. ಅವರು ಬಾಡಿಗೆ ನಿಲ್ಲಿಸಿದ ದಿನ ಮಾಲೀಕರು ನಿಮ್ಮನ್ನು ಖಾಲಿ ಮಾಡಿ ಎನ್ನುತ್ತಾರೆ. ಎರಡು, ಮೂರು ವರ್ಷದ ಲೀಸಾದರೆ ಪತ್ರ ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ್ದು ಸಾಲದು. ಅವಧಿ ಮುಗಿದಾಗ ಹಣ ಖಾತೆಗೆ ಬಂದ ಮೇಲೆಯೇ ಕೀಲಿ ಕೊಡುವುದು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಬಚ್ಚಲಿಗೆ ಹಿಡಿಕೆ, ಬಾಗಿಲಿಗೆ ಇಳಿಜಾರು ಹಾಕಿಸಲು ಮಾಲೀಕರ ಒಪ್ಪಿಗೆಯನ್ನೂ ಅದರಲ್ಲೇ ಸೇರಿಸಿ.