ಯಕ್ಷಗಾನ ಕೇಳಲು ಕಾರಿನ ಆಡಿಯೊ ಬದಲಿಸಬೇಕು: ದೊಡ್ಡ ಸ್ಕ್ರೀನ್ ಬೇಕಾ, ಸ್ಪೀಕರ್ ಸಾಕಾ?

ಚೆಂಡೆಪೆಟ್ಟು:

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಹ್ಯಾಚ್‌ಬ್ಯಾಕ್, ಮಧ್ಯದ ಮಾಡೆಲ್. ಯಾವ ಕಾರು ಅಂತ ಬೇಕಂತಲೇ ಹೇಳುತ್ತಿಲ್ಲ, ಹೇಳಿದರೆ ಚರ್ಚೆ ಮೈಲೇಜಿನ ಕಡೆ ತಿರುಗುತ್ತದೆ. ಕಂಪನಿಯಿಂದಲೇ ಬಂದ ಟೂ-ಡಿನ್ (ಎರಡು ಪಟ್ಟು ಎತ್ತರದ) ಸೆಟ್ ಇದೆ. ಬ್ಲೂಟೂತ್, ಯುಎಸ್‌ಬಿ, ಸ್ಟೀರಿಂಗ್ ಮೇಲೆ ಬಟನ್ ಎಲ್ಲಾ ಇವೆ. ಟಚ್ ಸ್ಕ್ರೀನ್ ಇಲ್ಲ.

ನಾನು ಉಡುಪಿ ಕಡೆಯವನು, ಇರುವುದು ಬೆಂಗಳೂರಿನಲ್ಲಿ. ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಯಕ್ಷಗಾನ, ತಾಳಮದ್ದಲೆ. ಬೆಂಗಳೂರಿನ ಒಳಗೆ ಓಡಾಡುವಾಗ ಎಫ್‌ಎಂ 100.1ರಲ್ಲಿ ಆಕಾಶವಾಣಿಯ ಅಮೃತವರ್ಷಿಣಿ. ತೊಂದರೆ ಏನೆಂದರೆ, ಚೆಂಡೆ ಏರಿದ ಕೂಡಲೇ ಭಾಗವತರ ಸ್ವರ ಹಿಂದೆ ಸರಿಯುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಎಡಗಡೆ ಬಾಗಿಲು ಗಡಗಡ ಅನ್ನುತ್ತದೆ. ನೆಲಮಂಗಲ ದಾಟಿ ಸ್ಪೀಡ್ ಹಿಡಿದ ಮೇಲೆ ಟಯರಿನ ಸದ್ದಿನಲ್ಲಿ ಅರ್ಥಧಾರಿಗಳ ಮಾತೇ ಕೇಳುವುದಿಲ್ಲ ಮಾರಾಯ್ರೆ. ವಾಲಿ, ಸುಗ್ರೀವ ಇಬ್ಬರೂ ಒಂದೇ ಥರ ಗೊಣಗುತ್ತಾರೆ.

ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ವಿಚಾರಿಸಿದೆ. 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್, ಹಿಂದಿನ ಟ್ರೇ ಮೇಲೆ 6x9 ಓವಲ್ ಸ್ಪೀಕರ್, ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, ಎಲ್ಲಾ ಸೇರಿ ಪ್ಯಾಕೇಜ್ ಅಂದರು. ನನ್ನ ಬಜೆಟ್ 25 ಸಾವಿರ. ಊರಿನಿಂದ ಬರುವಾಗ ಡಿಕ್ಕಿಯಲ್ಲಿ ಅಕ್ಕಿ, ತೆಂಗಿನಕಾಯಿ ತರುವವನು ನಾನು. ಸಬ್‌ವೂಫರ್ ಇಟ್ಟರೆ ಅವನ್ನು ಎಲ್ಲಿ ಇಡುವುದು? ಸ್ಟೀರಿಂಗ್ ಬಟನ್ ಉಳಿಯುತ್ತದಾ? ಗೊತ್ತಿದ್ದವರು ಹೇಳಿ.

ಕೆಂಗೇರಿಕಿಟ್ಟಿ:

ಗುರು, ಸ್ಕ್ರೀನ್ ಹಾಕಿಸಿಬಿಡಿ. ಮ್ಯಾಪ್ ದೊಡ್ಡದಾಗಿ ಕಾಣುತ್ತದೆ, ರಿವರ್ಸ್ ಕ್ಯಾಮೆರಾನೂ ಸಿಗುತ್ತದೆ. 50x4 ವಾಟ್ ಅಂತ ಡಬ್ಬದ ಮೇಲೇ ಬರೆದಿರುತ್ತದೆ, ಸೌಂಡ್ ತಾನಾಗೇ ಬರುತ್ತದೆ.

ಸೋಲ್ಡರ್‌ಸೀನಪ್ಪ:

ಕಿಟ್ಟಿ, ಆ 50x4 ಕಥೆಯನ್ನೇ ಮೊದಲು ಮುಗಿಸೋಣ. ಸೆಟ್ಟಿನ ಹಿಂದೆ ಒಂದು ಫ್ಯೂಸ್ ಇರುತ್ತದೆ. ಹೆಚ್ಚಿನವಕ್ಕೆ 10 ಆಂಪಿಯರ್, ಕೆಲವಕ್ಕೆ 15. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. 10 ಆಂಪಿಯರ್ ಅಂದರೆ ಒಳಗೆ ಹೋಗುವುದೇ 140 ವಾಟ್. ಅದರಿಂದ 200 ವಾಟ್ ಹೊರಗೆ ಬರಲು ಒಳಗೇನು ಅಕ್ಷಯಪಾತ್ರೆ ಇದೆಯಾ? ಡಬ್ಬದ ಮೇಲಿನದು ಕ್ಷಣಮಾತ್ರದ ಪೀಕ್ ಲೆಕ್ಕ. ಆರ್‌ಎಂಎಸ್ ನೋಡಿ, ಅದು ಸತತವಾಗಿ ಕೊಡಬಲ್ಲ ವಾಟ್. ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರಿಗೆ, 15ರಿಂದ 22 ವಾಟ್ ಸಿಕ್ಕರೆ ಹೆಚ್ಚು. ನಿಮ್ಮ ಕಂಪನಿ ಸೆಟ್ಟೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಮ್ಯಾಪ್ ಬೇಕಿದ್ದರೆ ಸ್ಕ್ರೀನ್ ಹಾಕಿಸಿ, ತಪ್ಪಿಲ್ಲ. ಸೌಂಡಿಗೋಸ್ಕರ ಅಂತ ಮಾತ್ರ ಬೇಡ.

ಚೆಂಡೆಪೆಟ್ಟು ಅವರೇ, ನಾನು ಬಹಳ ವರ್ಷ ಇದೇ ಕೆಲಸ ಮಾಡಿದವನು. ನಿಮ್ಮ ರೋಗ ಇರುವುದು ಬಾಗಿಲಿನಲ್ಲಿ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಬಾಗಿಲೇ ಪೆಟ್ಟಿಗೆ. ಒಳಗಿನ ಪ್ಯಾನೆಲ್ ಬಿಚ್ಚಿ ನೋಡಿ, ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಸ್ಪೀಕರಿನ ಮುಂದಿನ ಅಲೆಯೂ ಹಿಂದಿನ ಅಲೆಯೂ ಆ ತೂತಿನಲ್ಲಿ ಸೇರಿ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ತಗ್ಗಿನ ಸ್ವರವೇ ಉಳಿಯುವುದಿಲ್ಲ. ಒಂದು ಬದಿಯ ಮುಚ್ಚಿಗೆ ಹರಿದ ಮದ್ದಲೆ ಬಾರಿಸಿದ ಹಾಗೆ. ಅದರ ಮೇಲೆ ಹೊರಗಿನ ತೆಳು ತಗಡೂ ಜೊತೆಗೆ ನಡುಗುತ್ತದೆ, ಅದೇ ನಿಮ್ಮ ಗಡಗಡ.

ಮೊದಲ ಖರ್ಚು ಮುಂದಿನ ಎರಡು ಬಾಗಿಲಿಗೆ ಮಾಡಿ. ಬ್ಯೂಟೈಲ್ ರಬ್ಬರಿನ ಮೇಲೆ ಅಲ್ಯುಮಿನಿಯಂ ಹಾಳೆ ಇರುವ ಡ್ಯಾಂಪಿಂಗ್ ಶೀಟ್ ಸಿಗುತ್ತದೆ. ಒಂದು ಪದರ ಹೊರಗಿನ ತಗಡಿನ ಒಳಮೈಗೆ, ಇನ್ನೊಂದು ಆ ದೊಡ್ಡ ತೂತುಗಳನ್ನು ಮುಚ್ಚಲು. ಅಂಟಿಸುವ ಮುಂಚೆ ತಗಡಿನ ಧೂಳು, ಎಣ್ಣೆ ಒರೆಸಬೇಕು. ಅಂಟಿಸಿದ ಮೇಲೆ ರೋಲರ್‌ನಿಂದ ಒತ್ತಬೇಕು. ಸುಮ್ನೆ ಕೈಯಲ್ಲಿ ತಟ್ಟಿ ಬಿಡುವ ಹುಡುಗರಿದ್ದಾರೆ, ಪಕ್ಕದಲ್ಲೇ ನಿಂತುಕೊಳ್ಳಿ. ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ಕಿಂಡಿಗಳಿರುತ್ತವೆ, ಅವನ್ನು ಮುಚ್ಚಲೇಬಾರದು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಒಳಗೇ ನಿಂತರೆ ತುಕ್ಕು ಖಂಡಿತ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟಯರಿನ ಸದ್ದು ಪೂರ್ತಿ ಹೋಗುವುದಿಲ್ಲ, ಅದರ ಬಹುಪಾಲು ನೆಲದಿಂದ ಮತ್ತು ಚಕ್ರದ ಮೇಲಿನ ಭಾಗದಿಂದ ಬರುತ್ತದೆ.

ಆಮೇಲೆ ಮುಂದಿನ ಸ್ಪೀಕರ್. ನಿಮಗೆ ಬೇಕಿರುವುದು ಮಾತು. ಹಾಗಾಗಿ ಕಾಂಪೊನೆಂಟ್ ಸೆಟ್ ತೆಗೆದುಕೊಳ್ಳಿ. ಏರುಸ್ವರದ ಟ್ವೀಟರ್ ಬೇರೆ, ತಗ್ಗಿನ ಸ್ವರದ ವೂಫರ್ ಬೇರೆ, ನಡುವೆ ಸ್ವರವನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್. ಟ್ವೀಟರನ್ನು ಪಕ್ಕದ ಕನ್ನಡಿಯ ಹತ್ತಿರ ಮೇಲೆ ಕೂರಿಸಿದರೆ ಭಾಗವತರು ನಿಮ್ಮ ಕಾಲಿನ ಬಳಿ ಕೂತು ಹಾಡುವುದು ನಿಲ್ಲುತ್ತದೆ. ಕೊಳ್ಳುವಾಗ ಸೆನ್ಸಿಟಿವಿಟಿ (ಒಂದು ವಾಟಿಗೆ ಎಷ್ಟು ಸದ್ದು ಅನ್ನುವ ಲೆಕ್ಕ) 90 ಡಿಬಿಯ ಮೇಲೆ ಇದೆಯಾ ನೋಡಿ, ಕಂಪನಿ ಸೆಟ್ಟಿನ ಅಷ್ಟು ವಾಟಿನಲ್ಲೇ ಚೆನ್ನಾಗಿ ಹಾಡುತ್ತದೆ. ಅಯಸ್ಕಾಂತ ದಪ್ಪವಿದ್ದರೆ ಕೆಳಗಿಳಿಸಿದ ಗಾಜಿಗೆ ತಾಗುತ್ತದೆ. ಸ್ಕ್ರೂ ಬಿಗಿಯುವ ಮುಂಚೆ ಗಾಜನ್ನು ಪೂರ್ತಿ ಇಳಿಸಿ ಪರೀಕ್ಷೆ ಮಾಡಿಸಿ.

ಇನ್ನು ಪ್ಲಸ್ ಮೈನಸ್. ಇದನ್ನು ನಾನೇ ನಿಂತು ನೋಡದೆ ಪ್ಯಾನೆಲ್ ಮುಚ್ಚಲು ಬಿಡುತ್ತಿರಲಿಲ್ಲ. ಸೆಟ್ಟಿನ ಕಡೆ ವೈರ್ ಬಿಡಿಸಿ, 1.5 ವೋಲ್ಟಿನ ಪೆನ್‌ಸೆಲ್ ಅನ್ನು ಒಂದು ಕ್ಷಣ ಆ ವೈರಿಗೆ ಮುಟ್ಟಿಸಿ. ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಪ್ಲಸ್. ಒಳಗೆ ಹೋದರೆ ಉಲ್ಟಾ. ಎರಡು ಬಾಗಿಲಲ್ಲಿ ಒಂದು ಮಾತ್ರ ಉಲ್ಟಾ ಆದರೆ ಬಾಸ್ ಮಾಯ, ಧ್ವನಿಗೆ ನೆಲೆಯೇ ಇಲ್ಲ, ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಅಷ್ಟೇ.

ಟ್ರೇ ಮೇಲಿನ 6x9 ಬೇಡ. ಹ್ಯಾಚ್‌ಬ್ಯಾಕಿನ ಟ್ರೇ ಒಂದು ಕೊಕ್ಕೆಯಲ್ಲಿ ನಿಂತಿರುವ ಹಲಗೆ. ಜೋರಾಗಿ ಬ್ರೇಕ್ ಹೊಡೆದರೆ ಆ ಭಾರ ಎಲ್ಲ ಹಿಂದೆ ಕೂತವರ ತಲೆಗೆ. 12 ಇಂಚಿನ ಸಬ್‌ವೂಫರಿನಿಂದ ತಾಳಮದ್ದಲೆಗೆ ಏನೂ ಲಾಭವಿಲ್ಲ. ಅಕ್ಕಿ ಮೂಟೆಯೇ ಇರಲಿ.

ಕುಂದಾಪುರದವಳು:

ಸೀನಪ್ಪ ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಅಣ್ಣ, ನೀವು ಕೇಳುವ ಫೈಲ್ ಯಾವುದು? ಹಳೆ ಕ್ಯಾಸೆಟ್‌ನಿಂದ ಯಾರೋ ಎಂಪಿ3 ಮಾಡಿ, ಅದು ಮೊಬೈಲಿನಿಂದ ಮೊಬೈಲಿಗೆ ದಾಟಿ ಬಂದದ್ದಾ? ನಮ್ಮ ಮನೆಯಲ್ಲೂ ಅಂಥದ್ದೇ ರಾಶಿ ಇದೆ, 64 ಕೆಬಿಪಿಎಸ್‌ಗೆ ಹಿಂಡಿದ ಕಡಿಮೆ ಗುಣಮಟ್ಟದವು. ಅದರಲ್ಲಿ ಚೆಂಡೆಯೂ ಜಾಗಟೆಯೂ ಬರೀ ಚರಚರ. ಮೊದಲು ಅದೇ ಫೈಲನ್ನು ಒಳ್ಳೆ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲೂ ಸ್ವರ ಹಿಂದೆ ಸರಿದರೆ ಕಾರಿಗೆ ಲಕ್ಷ ಸುರಿದರೂ ಸರಿಯಾಗುವುದಿಲ್ಲ.

ಇನ್ನೊಂದು, ಸೆಟ್ಟಿನಲ್ಲಿ ಬಾಸ್ ಎಷ್ಟಕ್ಕೆ ಇಟ್ಟಿದ್ದೀರಿ? ಎಲ್ಲರೂ ಕೊನೆಗೇ ಎಳೆದಿರುತ್ತಾರೆ ಅಲ್ವಾ. ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತನ್ನಿ. ಮುಂದೆ-ಹಿಂದೆ ಸದ್ದು ಹಂಚುವ ಫೇಡರ್ ಸ್ವಲ್ಪ ಮುಂದಕ್ಕೆ ತಳ್ಳಿ. ಕಾಸಿಲ್ಲದೆ ಆಗುವ ಕೆಲಸ.

ಚೆಂಡೆಪೆಟ್ಟು:

ಬಾಸ್ ಕೊನೆಗೇ ಇತ್ತು, ನಮ್ಮ ಮಗರಾಯನ ಕೆಲಸ. ಸೊನ್ನೆಗೆ ತಂದೆ, ಗಡಗಡ ಅರ್ಧ ಇಳಿಯಿತು ತಂಗಿ! ಆದರೂ ಬಾಗಿಲು ಮತ್ತು ಕಾಂಪೊನೆಂಟ್ ಮಾಡಿಸುವುದೇ ಅಂತ ತೀರ್ಮಾನಿಸಿದೆ. ಸೀನಪ್ಪನವರೇ, ದುಡ್ಡು ಉಳಿದರೆ ಆಂಪ್ಲಿಫಯರ್ ಹಾಕಿಸಬಹುದಾ? ಅಂಗಡಿಯವರು ವೈರ್ ಕತ್ತರಿಸಬೇಕಾಗುತ್ತದೆ ಅಂದರು.

ಸೋಲ್ಡರ್‌ಸೀನಪ್ಪ:

ಹಾಕಿಸಿ. ಚೆಂಡೆಯ ಪೆಟ್ಟು ಕ್ಷಣದಲ್ಲಿ ಎದ್ದು ಬೀಳುವಂಥದ್ದು. ಸೆಟ್ಟಿನ ಶಕ್ತಿ ಸಾಲದಿದ್ದರೆ ಆ ಪೆಟ್ಟಿನ ತುದಿ ಕತ್ತರಿಸಿಹೋಗಿ ಕರ್ಕಶವಾಗುತ್ತದೆ. ಸೀಟಿನ ಕೆಳಗೆ ಕೂರುವ, ಚಾನೆಲ್‌ಗೆ 50 ವಾಟ್ ಆರ್‌ಎಂಎಸ್ ಇರುವ ಚಿಕ್ಕ ಫೋರ್-ಚಾನೆಲ್ ಸಾಕು. ಹೈ-ಲೆವೆಲ್ ಇನ್‌ಪುಟ್, ಅಂದರೆ ಸೆಟ್ಟಿನ ಸ್ಪೀಕರ್ ವೈರನ್ನೇ ನೇರ ಜೋಡಿಸುವ ಸೌಲಭ್ಯ, ಇರುವುದನ್ನೇ ಕೇಳಿ. ಆಗ ಕಂಪನಿ ಸೆಟ್ ಅಲ್ಲೇ ಉಳಿಯುತ್ತದೆ, ಸ್ಟೀರಿಂಗ್ ಬಟನ್ನಿಗೂ ಏನೂ ಆಗುವುದಿಲ್ಲ.

ವೈರ್ ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿನ ಸೆಟ್ಟಿಗೆ ಹೊಂದುವ ಕಪ್ಲರ್ ಸಿಗುತ್ತದೆ, ನಡುವೆ ಸೇರಿಸಿದರೆ ಮುಗಿಯಿತು. ಬೇಡ ಅನಿಸಿದ ದಿನ ತೆಗೆದು ಮೊದಲಿನ ಹಾಗೆ ಮಾಡಬಹುದು. ಕರೆಂಟ್ ನೇರ ಬ್ಯಾಟರಿಯಿಂದ ಬರಬೇಕು. ಬ್ಯಾಟರಿಯಿಂದ ಒಂದೂವರೆ ಅಡಿಯ ಒಳಗೇ ಫ್ಯೂಸ್ ಇರಬೇಕು, ಆಂಪ್ಲಿಫಯರ್ ಹತ್ತಿರ ಹಾಕಿ ಕೈತೊಳೆದುಕೊಳ್ಳುವುದಲ್ಲ. ದಾರಿಯಲ್ಲಿ ವೈರ್ ಎಲ್ಲಾದರೂ ತಗಡಿಗೆ ತಾಗಿ ಸುಲಿದರೆ ಬೆಂಕಿ ತಪ್ಪಿಸುವುದು ಆ ಫ್ಯೂಸೇ. ಎಂಜಿನ್ ಕಡೆಯಿಂದ ಒಳಗೆ ಬರುವಲ್ಲಿ ತೂತಿಗೆ ಹಾಕುವ ರಬ್ಬರ್ ಬಳೆಯ (ಗ್ರಾಮೆಟ್) ಮೂಲಕವೇ ತರಬೇಕು. ವೈರ್ 8 ಗೇಜ್, ಅಪ್ಪಟ ತಾಮ್ರ. ಅಲ್ಯುಮಿನಿಯಂಗೆ ತಾಮ್ರದ ಲೇಪ ಹಚ್ಚಿದ್ದನ್ನೂ ಮಾರುತ್ತಾರೆ. ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಅರ್ತಿಂಗ್ ಬಣ್ಣ ಕೆರೆದ ಬರಿ ತಗಡಿಗೆ ಬಿಗಿಯಾಗಿ ಕೂರಬೇಕು. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲಾ ಸ್ಪೀಕರಿನಲ್ಲಿ ಕುಂಯ್ ಅನ್ನುವ ಸದ್ದೂ ಏರಿದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ.

ಆಂಪ್ಲಿಫಯರಿನಲ್ಲಿ ಮುಂದಿನ ಸ್ಪೀಕರಿಗೆ ಹೈ-ಪಾಸ್ 80 ಹರ್ಟ್ಸ್‌ಗೆ ಇಡಿಸಿ, ಅದಕ್ಕಿಂತ ತಗ್ಗಿನ ಸ್ವರ ಅದಕ್ಕೆ ಹೋಗದ ಹಾಗೆ. ಗೇನ್ ಅನ್ನುವುದು ವಾಲ್ಯೂಮ್ ಅಲ್ಲ, ಸೆಟ್ಟಿನ ಸಿಗ್ನಲಿಗೆ ಆಂಪ್ಲಿಫಯರನ್ನು ಹೊಂದಿಸುವ ತಿರುಪು. ಪೂರ್ತಿ ತಿರುಗಿಸುವ ಹುಡುಗ ಸಿಕ್ಕರೆ ಕೈ ಹಿಡಿದು ನಿಲ್ಲಿಸಿ.

ಮತ್ತೆ, ಜಡಿಮಳೆಯ ದಿನ ಬಾಗಿಲು ಬಿಚ್ಚಿಸಬೇಡಿ. ಒದ್ದೆ ತಗಡಿಗೆ ಬ್ಯೂಟೈಲ್ ಹಿಡಿಯುವುದಿಲ್ಲ. ಬಿಸಿಲಿರುವ ದಿನ ಬೆಳಿಗ್ಗೆಯೇ ಹೋಗಿ, ಸಂಜೆವರೆಗೂ ಕೆಲಸ ಇರುತ್ತದೆ.