ಕಪ್ಪು ಕಾರಿಗೆ ರೋಟರಿನಾ, ಡಿಎ ಪಾಲಿಶರ್ರಾ?

ಪ್ರಶ್ನೆ (ವಿಜಯನಗರ):
ಕಪ್ಪು ಕಾರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬಾ ಜೇಡರ ಬಲೆಯಂಥ ಗೀರುಗಳು. ಬೋರ್‌ವೆಲ್ ನೀರಿನ ಬಿಳಿ ಕಲೆ ಬೇರೆ. ಜೆ.ಸಿ. ರಸ್ತೆಯ ಕಾರು ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ರೋಟರಿ ಪಾಲಿಶಿಂಗ್ ಮಷಿನ್ ತಗೊಳ್ಳಿ, ಬೇಗ ಆಗುತ್ತೆ ಅನ್ನುತ್ತಾರೆ. ನನಗಿದು ಹೊಸದು. ಏನು ಮಾಡಲಿ?

ಉತ್ತರ 1:
ರೋಟರಿ ಬೇಡ ಗುರು. ಪ್ಯಾಡ್ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ, ಬಿಸಿ ಬೇಗ ಏರುತ್ತದೆ. ಬಾಗಿಲಿನ ಅಂಚಿನಲ್ಲಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ತೆಳು. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಬಣ್ಣವೇ ಹೋಯಿತು. ಡಿಎ, ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್, ತಿರುಗುತ್ತಾ ಓಲಾಡುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ, ಹೊಸಬರಿಗೆ ಅದೇ ಕಾವಲು. ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಬದಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಪ್ಯಾಡ್ ತಿರುಗುತ್ತಿದೆಯಾ ಅಂತ ಕಣ್ಣಿಗೇ ಕಾಣುತ್ತದೆ.

ಉತ್ತರ 2:
ಡಿಎ ಸರಿ. ಆದರೆ ಥ್ರೋ, ಅಂದರೆ ಪ್ಯಾಡ್ ಎಷ್ಟು ಅಗಲ ಓಲಾಡುತ್ತದೆ ಅನ್ನೋದು ನೋಡಿ. 21 ಮಿ.ಮೀ. ಬಾನೆಟ್‌ಗೆ ಚೆಂದ, ಬಂಪರಿನ ತಿರುವುಗಳಲ್ಲಿ ಒದ್ದಾಡುತ್ತದೆ. 15 ಮಿ.ಮೀ., 5 ಇಂಚಿನ ಪ್ಲೇಟ್ ಸಾಕು. ಉಳಿದ ದುಡ್ಡಲ್ಲಿ ಪ್ಯಾಡ್ ಜಾಸ್ತಿ ತಗೊಳ್ಳಿ. ಒಂದೇ ಪ್ಯಾಡಲ್ಲಿ ಇಡೀ ಕಾರು ಉಜ್ಜುವುದು ಸುಮ್ನೆ ದಂಡ, ಅದು ಕಾಂಪೌಂಡ್ (ಉಜ್ಜುವ ಪೇಸ್ಟ್) ಕುಡಿದು ಮೆತ್ತಗಾಗುತ್ತದೆ.

ಪ್ರಶ್ನೆ ಕೇಳಿದವರು:
ಬಿಳಿ ಕಲೆ ಅದರಲ್ಲೇ ಹೋಗುತ್ತಾ?

ಉತ್ತರ 1:
ಅದು ಸುಣ್ಣದ ಅಂಶ ಅಲ್ವಾ, ಮೊದಲು ವಾಟರ್ ಸ್ಪಾಟ್ ರಿಮೂವರ್ ಹಚ್ಚಿ. ನೆರಳಲ್ಲಿ, ಬಾನೆಟ್ ತಣ್ಣಗಿದ್ದಾಗ. ಆಮೇಲೂ ಗುಂಡಿ ಥರ ಉಳಿದರೆ ಮಾತ್ರ ಪಾಲಿಶ್.